ಹೋಗಿ ಬರ್ತೀವಿ ಅಂದ ದಂಡು

ಬಹಳ ಹಿಂದೆ, ಮಾತಿಗೆ ಕೈಕಾಲು ಇದ್ದ ಕಾಲದಲ್ಲಿ, ಸಿರಿಗಿರಿ ಎಂಬ ರಾಜ್ಯವಿತ್ತು. ಅದರ ಗಡಿಯಲ್ಲಿ ಹರಳಹಳ್ಳಿ ಎಂಬ ಊರು. ಪಕ್ಕದ ರಾಜ್ಯದವರು ದಂಡೆತ್ತಿ ಬಂದಾಗ ಸಿರಿಗಿರಿಯ ರಾಜ ಆ ಊರಿನವರನ್ನು ಕೇಳಿದ: "ಯುದ್ಧ ಮುಗಿಯುವ ತನಕ ನಿಮ್ಮ ಮನೆ, ಹೊಲ ನನ್ನ ದಂಡಿಗೆ ಕೊಡಿ. ಮುಗಿದ ಕೂಡಲೇ ವಾಪಸ್ ಕೊಡುತ್ತೇನೆ."

ರಾಜ ಕೇಳಿದರೆ ಇಲ್ಲ ಅನ್ನುವುದುಂಟೆ? ಊರಿನವರು ಪಾತ್ರೆ ಪಡಗ ಹೊತ್ತು, ದನಕರು ಹೊಡೆದುಕೊಂಡು, ಊರ ಬಾಗಿಲಲ್ಲಿ ಹಿಂತಿರುಗಿ ನೋಡಿ "ಹೋಗಿ ಬರ್ತೀವಿ" ಎಂದು ಕೈಮುಗಿದರು. ಹೊಳೆಯಾಚೆ ಗುಡಿಸಲು ಹಾಕಿಕೊಂಡರು.

ಯುದ್ಧ ಮುಗಿಯಿತು. ರಾಜ ಗೆದ್ದ. ಆದರೆ ಊರು ಮಾತ್ರ ಊರಿನವರಿಗೆ ಸಿಗಲಿಲ್ಲ. ತಮ್ಮ ಮನೆಯ ಅಂಗಳಕ್ಕೆ ಬಂದರೂ, ಹೊಸಿಲು ದಾಟಲು ಹೋದರೆ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಇತ್ತ ದಂಡಿನವರ ಪಾಡು ಇನ್ನೂ ಚೆಂದ. ಬೆಳಿಗ್ಗೆ ಗಂಟುಮೂಟೆ ಕಟ್ಟಿ ಹೊರಟರೆ, ದಾರಿ ಸುತ್ತಿ ಬಳಸಿ ಸಂಜೆಗೆ ಅದೇ ಊರಿಗೆ ತಂದು ಬಿಡುತ್ತಿತ್ತು.

ಇದೆಲ್ಲ ದಂಡಭೈರವ ಎಂಬ ಮಾಂತ್ರಿಕನ ಕೆಲಸ. ದಂಡಿನ ಬಿಡಾರಕ್ಕೆ ರಾಜ ಅವನನ್ನೇ ಮೇಲ್ವಿಚಾರಕನನ್ನಾಗಿ ಮಾಡಿದ್ದ. ಕಂಡವರ ಹೊಲದ ಬೆಳೆ, ಕಂಡವರ ಜಗಲಿಯ ತಂಪು, ಯಾರಿಗೆ ಬೇಡ? ಊರಿನವರು ಹೊರಟ ದಿನವೇ ಊರ ಬಾಗಿಲಲ್ಲಿ ಅವನು ಒಂದು ಮಾಯಾ ಹುಲಿಯನ್ನು ಕೂರಿಸಿದ್ದ. ಅದರ ಕಿವಿ ಒಂದೊಂದೂ ಮೊರದಗಲ.

ಆ ಊರಿನಲ್ಲಿ ಬೆಳ್ಳವ್ವ ಎಂಬ ಹುಡುಗಿಯಿದ್ದಳು. ಅವಳ ಅಕ್ಕ ನಿಂಗವ್ವ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಂದರೆ ತವರೇ ಇಲ್ಲ, ಹೊಳೆದಂಡೆಯ ಸೋರುವ ಗುಡಿಸಲು.

"ಅವ್ವ ನಮ್ಮಿಬ್ಬರನ್ನೂ ಹೆತ್ತಿದ್ದು ಆ ನಡುಮನೇಲಿ ಕಣೇ," ಎಂದು ನಿಂಗವ್ವ ಕಣ್ಣೊರೆಸಿಕೊಂಡಳು. "ನನ್ನ ಕೂಸೂ ಅಲ್ಲೇ ಹುಟ್ಟಬೇಕು."

"ಹುಟ್ಟತ್ತೆ, ಸುಮ್ಮನಿರಕ್ಕ," ಎಂದ ಬೆಳ್ಳವ್ವ ನೆಟ್ಟಗೆ ರಾಜನ ಬಳಿ ಹೋದಳು.

ರಾಜ ಮಾಂತ್ರಿಕನನ್ನು ಕರೆಸಿದ. ಅವನು ಹಾಲು ಕುಡಿದ ಬೆಕ್ಕಿನಂತೆ ನಕ್ಕ. "ಮಹಾಪ್ರಭು, ದಂಡು ತಾನಾಗಿ ವಾಪಸ್ ಬಂದರೆ ನಾನೇನು ಮಾಡಲಿ? ಈ ಹುಡುಗಿಯೇ ಮೂರು ಸಲ ಕಳಿಸಿ ನೋಡಲಿ. ಮೂರನೇ ಸಲವೂ ಬಂದರೆ ಊರು ನನಗೇ ಇರಲಿ." ರಾಜ ಯೋಚನೆ ಮಾಡದೆ ಹೂಂ ಅಂದ. ರಾಜರ ಚಾಳಿಯೇ ಅದು.

ಮೊದಲ ಸಲ. ದಂಡು ಹೊರಟಿತು. ಬೆಳ್ಳವ್ವ ಊರ ಬಾಗಿಲಲ್ಲಿ ಕಣ್ಣಿಟ್ಟು ನಿಂತಳು. ಮುಂದೆ ನಡೆಯುತ್ತಿದ್ದ ದಳವಾಯಿ ಮುದ್ದಯ್ಯ ಊರಿನ ಕಡೆ ತಿರುಗಿ "ಹೋಗಿ ಬರ್ತೀವಿ" ಎಂದ. ಹುಲಿ ಕಿವಿ ನಿಮಿರಿಸಿತು, ಬಾಯಿ ತೆರೆಯಿತು, 'ಹೋಗಿ'ಯನ್ನು ಗಬಕ್ಕನೆ ನುಂಗಿತು! ಉಳಿದದ್ದು ಬರೀ 'ಬರ್ತೀವಿ'. ಅದು ದಂಡಿನವರ ಕೈಹಿಡಿದು ಸಂಜೆಗೆ ಎಳೆದುಕೊಂಡೇ ಬಂತು.

'ಅಯ್ಯೋ ಕಳ್ಳ ಹುಲಿಯೇ! ಹಾಗಾದರೆ ನಮ್ಮ ಮಾತಲ್ಲಿ ಇದು ನುಂಗಿದ್ದು ಬರ್ತೀವಿಯನ್ನ. ನಮಗೆ ಉಳಿದದ್ದು ಬರೀ ಹೋಗಿ' ಎಂದುಕೊಂಡಳು ಬೆಳ್ಳವ್ವ.

ಎರಡನೇ ಸಲ ಅವಳು ದಳವಾಯಿಗೆ ಹೇಳಿದಳು: "ಅಣ್ಣಾ, ಈ ಸಲ ಬರೀ 'ಹೋಗ್ತೀವಿ' ಅಂದುಬಿಡಿ."

ದಳವಾಯಿ ಎರಡೂ ಕಿವಿ ಮುಚ್ಚಿಕೊಂಡ. "ಬಿಡ್ತು ಅನ್ನು ತಂಗೀ, ಬಿಡ್ತು ಅನ್ನು! ಯುದ್ಧದಲ್ಲಿ ಉಳಿದು ಬಂದ ಜೀವಗಳು ನಾವು. ಯಾರಾದರೂ ಹೋಗ್ತೀವಿ ಅಂತಾರಾ?"

"ಬಿಡ್ತು," ಅಂದಳು ಬೆಳ್ಳವ್ವ. "ಹಾಗಾದರೆ ಮಾತೇ ಬೇಡ. ಎಲ್ಲರೂ ಬಾಯಿ ತುಂಬ ಎಲೆಯಡಿಕೆ ಹಾಕ್ಕೊಳ್ಳಿ."

ದಂಡು ಕೆನ್ನೆ ಉಬ್ಬಿಸಿಕೊಂಡು ಗಪ್‌ಚಿಪ್ಪಾಗಿ ಹೊರಟಿತು. ಎಲ್ಲರೂ ಊರ ಬಾಗಿಲು ದಾಟಿದರು. ಕೊನೆಯವನು ಅಡುಗೆಯ ಸಿದ್ದ. ಅವನು ಪಿಚಕ್ಕನೆ ಉಗಿದು, ಬಾಯಿ ಒರೆಸಿಕೊಂಡು, "ಹೋಗಿ ಬರ್ತೀವಿ ಕಣವ್ವಾ!" ಅಂದ. ದಳವಾಯಿ ಹಣೆ ಚಚ್ಚಿಕೊಂಡ. ಸಂಜೆಗೆ ಎಲ್ಲರೂ ಹಾಜರು. ಮಾಂತ್ರಿಕ ಜಗಲಿಯ ಮೇಲೆ ಹೊಟ್ಟೆ ಹಿಡಿದು ನಕ್ಕ.

ಮೂರನೇ ಸಲದ ದಿನ ಬಂತು. ನಿಂಗವ್ವನಿಗೆ ಬೆಳಿಗ್ಗೆಯೇ ನೋವು ಶುರುವಾಯಿತು. ಬೆಳ್ಳವ್ವನಿಗೆ ದಿಕ್ಕೇ ತೋಚಲಿಲ್ಲ. ಸಿಡುಕುತ್ತಲೇ "ಹೋಗಿ ಬರ್ತೀನಿ" ಎಂದು ಗುಡಿಸಲಿಂದ ಹೊರಬಿದ್ದಳು. ಅಷ್ಟು ನೋವಿನಲ್ಲೂ ಒಳಗಿನಿಂದ ಅಕ್ಕ ಕೂಗಿದಳು: "ಹೋಗಿ ಬಾ!"

ಬೆಳ್ಳವ್ವ ನಿಂತಲ್ಲೇ ನಿಂತಳು. ಹೌದಲ್ಲ! ಹೋಗುವವರ ಮಾತಿಗೆ ಇರುವವರು ಉತ್ತರ ಕೊಡಬೇಕು. ಆಗ ಮಾತು ಎರಡು ತುದಿ ಹಿಡಿದ ಹಗ್ಗದ ಹಾಗೆ ಬಿಗಿಯಾಗುತ್ತದೆ. ಆ ದಂಡನ್ನು ಹೋಗಿ ಬನ್ನಿ ಅಂತ ಕಳಿಸಿದವರು ಯಾರು? ಒಬ್ಬರೂ ಇಲ್ಲ.

ಅವಳು ಊರ ಹೆಂಗಸರನ್ನೆಲ್ಲ ಕರೆದು, ದಂಡಿಗೆ ಬುತ್ತಿ ಕೊಟ್ಟು 'ಹೋಗಿ ಬನ್ನಿ' ಅಂತ ಕಳಿಸೋಣ ಅಂದಳು. ಅವರಲ್ಲಿ ಹಿರಿಯಳಾದ ಕಾಳಜ್ಜಿ ಸಿಡಿದೆದ್ದಳು. "ನನ್ನ ಮನೆ ಬಾಗಿಲನ್ನೇ ಕಿತ್ತು ಒಲೆಗೆ ಹಾಕಿದ್ದಾರೆ! ಅವರನ್ನ ಉಪಚಾರ ಮಾಡಿ ಬೇರೆ ಕಳಿಸಬೇಕಾ?"

"ನನಗೂ ಹೊಟ್ಟೆ ಉರೀತದೆ ಅಜ್ಜಿ. ನಮ್ಮ ತೊಟ್ಟಿಲಲ್ಲಿ ಕುದುರೆಗೆ ಹುರುಳಿ ಹಾಕಿದ್ದಾರೆ. ಆದರೆ ಬಂದವರನ್ನ ಕಳಿಸಿಕೊಡೋದು ಮನೆಯವರ ಕೆಲಸ. ಈವತ್ತು ನಾವು ಕಳಿಸದಿದ್ದರೆ ಅದು ನಮ್ಮನೆ ಹೇಗಾಗತ್ತೆ?"

ಕಾಳಜ್ಜಿ ಸ್ವಲ್ಪ ಹೊತ್ತು ಗೊಣಗಿದಳು. ಆಮೇಲೆ ಬುತ್ತಿ ಕಟ್ಟಲು ಕೂತಳು.

ಹೆಂಗಸರು ಅವರವರ ಅಂಗಳದಲ್ಲಿ ನಿಂತು ದಂಡಿನವರಿಗೆ ಬುತ್ತಿ ಕೊಟ್ಟರು, ಎಲೆಯಡಿಕೆ ಕೊಟ್ಟರು. ಹೊಸಿಲ ಹೊರಗೆ ನಿಂತರೂ ಮನೆಯೊಡತಿ ಮನೆಯೊಡತಿಯೇ. ದಂಡಿನವರಿಗೆ ನಾಚಿಕೆಯಾಯಿತು, ಕೆಲವರು ಅತ್ತೇಬಿಟ್ಟರು. ಊರ ಬಾಗಿಲಲ್ಲಿ ಮುದ್ದಯ್ಯ ತಲೆ ತಗ್ಗಿಸಿ "ಹೋಗಿ ಬರ್ತೀವಿ" ಎಂದ.

ಹುಲಿ ಬಾಯಿ ತೆರೆಯುವಷ್ಟರಲ್ಲಿ ಬೆಳ್ಳವ್ವ ಕೂಗಿದಳು: "ಹೋಗಿ ಬನ್ನಿ ಅಣ್ಣಾ! ಕೂಸಿನ ನಾಮಕರಣಕ್ಕೆ ನೆಂಟರಾಗಿ ಬನ್ನಿ!" ಎಲ್ಲ ಅಂಗಳಗಳಿಂದಲೂ ಒಂದೇ ದನಿ ಎದ್ದಿತು: "ಹೋಗಿ ಬನ್ನಿ!"

ಹುಲಿ ಕಚ್ಚಿತು. ಮಾತು ತುಂಡಾಗಲಿಲ್ಲ. ಎಳೆಯಿತು, ಜಗ್ಗಿತು, ಗಂಟಲಿಗೆ ಸಿಕ್ಕಿಸಿಕೊಂಡಿತು. ಕೊನೆಗೆ ಆಕ್ಷೀ ಎಂದು ಒಂದು ಸೀನು! ಅದು ನುಂಗಿದ್ದ ಊರವರ 'ಬರ್ತೀವಿ'ಗಳೆಲ್ಲ ದುಬುದುಬು ಹೊರಬಿದ್ದವು. ಒಂದೊಂದೂ ತನ್ನವರನ್ನು ಹುಡುಕಿ, ಕೈಹಿಡಿದು, ಹೊಸಿಲು ದಾಟಿಸಿತು. ನಿಂಗವ್ವನನ್ನಂತೂ ಅವು ಹೊಳೆಯಾಚೆಯಿಂದ ಹೊತ್ತೇ ತಂದವು. ದಂಡು ಈ ಸಲ ಹಿಂತಿರುಗದೆ ತನ್ನ ದಾರಿ ಹಿಡಿದು ಹೋಯಿತು. ಹುಲಿ ಕುಗ್ಗಿ ಕುಗ್ಗಿ ಒಂದು ಬೆಕ್ಕಾಯಿತು.

ಹುಲಿಯಿಲ್ಲದ ಮಾಂತ್ರಿಕ ಎಷ್ಟರವನು? ಕಾಳಜ್ಜಿ ಒನಕೆ ಎತ್ತಿದ್ದೇ ತಡ, ಪಂಚೆ ಎತ್ತಿ ಕಟ್ಟಿ ಓಟ ಕಿತ್ತ. "ಹೋಗ್ತೀನಿ, ಹೋಗ್ತೀನಿ!" ಎಂದು ಕೂಗುತ್ತಲೇ ಓಡಿದ. ಬಿಡ್ತು ಅನ್ನು ಎಂದು ಯಾರೂ ಅನ್ನಲಿಲ್ಲ. ಅವನು ಹೋದವನು ಹೋದ.

ಅಷ್ಟರಲ್ಲಿ ನಡುಮನೆಯಿಂದ ಕೂಸಿನ ಅಳು ಕೇಳಿಸಿತು. ಬೆಳ್ಳವ್ವ ಅಲ್ಲೇ ಹೊಸಿಲ ಮೇಲೆ ಕೂತು ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಮೂರು ತಿಂಗಳ ಮೇಲೆ ನಾಮಕರಣಕ್ಕೆ ದಂಡಿನವರು ಕತ್ತಿ ಗುರಾಣಿ ಬಿಟ್ಟು ನೆಂಟರಾಗಿ ಬಂದರು. ಕಾಳಜ್ಜಿಗೆ ಹೊಸ ಬಾಗಿಲು ಹೊತ್ತು ತಂದರು. ತೊಟ್ಟಿಲನ್ನು ಉಜ್ಜಿ ತೊಳೆದು ಬಣ್ಣ ಬಳಿದರು. ಅಡುಗೆಯ ಸಿದ್ದ ಹೋಳಿಗೆ ಮಾಡಿದ. ಕುದುರೆ ಕಟ್ಟಿದ್ದ ಹೊಲಗಳಲ್ಲಿ ಗೊಬ್ಬರ ಬಿದ್ದು ರಾಗಿ ಆಳೆತ್ತರ ಬೆಳೆದಿತ್ತು. ಸಂಜೆ ಎಲ್ಲರೂ ಎದ್ದು "ಹೋಗಿ ಬರ್ತೀವಿ" ಎಂದರು. ಊರೆಲ್ಲ "ಹೋಗಿ ಬನ್ನಿ" ಎಂದಿತು. ಬಾಗಿಲಲ್ಲಿ ಮಲಗಿದ್ದ ಬೆಕ್ಕು ಒಂದು ಕಿವಿ ಎತ್ತಿ ಮಾತನ್ನು ಪೂರ್ತಿ ಕೇಳಿಸಿಕೊಂಡು ಮತ್ತೆ ನಿದ್ದೆ ಹೋಯಿತು.

ಹರಳಹಳ್ಳಿಯವರು ಅವರ ಹೊಸಿಲೊಳಗೆ ಸುಖವಾಗಿದ್ದರು. ನಾವು ನಮ್ಮ ಹೊಸಿಲೊಳಗೆ ಸುಖವಾಗಿರೋಣ.