ಹಿಂಬಾಗಿಲಿನಿಂದ ಬಿಟ್ಟರಂತೆ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದವಳು ಶಾಲಾ ವ್ಯಾನ್ ಚಾಲಕನ ಹೆಂಡತಿ. ಹಿಂದಿನ ಸಂಜೆ ಜನ ಮನೆಗೆ ನುಗ್ಗಿ ಅವಳ ಗಂಡನ ಬಲಗೈ ಮುರಿದಿದ್ದರು, ವ್ಯಾನಿಗೆ ಬೆಂಕಿಯಿಟ್ಟಿದ್ದರು. ದೂರು ಬರೆಸುವ ಮೊದಲೇ ಅವಳು ಮೊಬೈಲನ್ನು ಇನ್‌ಸ್ಪೆಕ್ಟರ್ ಮುಂದಿಟ್ಟಳು.

"ಇದನ್ನ ಗಟ್ಟಿಯಾಗಿ ಓದಿ ಓದಿ ಹೊಡೆದ್ರು ಸಾರ್."

ಊರಿನ ಸುದ್ದಿಯ ಗುಂಪೊಂದರಲ್ಲಿ ಯಾರೋ ಸುಳ್ಳು ಹೆಸರಿನಲ್ಲಿ ಹಾಕಿದ್ದ ಪೋಸ್ಟ್ ಅದು. ತಿಂಗಳ ಹಿಂದೆ ಶಾಲೆಯ ಗೇಟಿನಿಂದ ಕಾಣೆಯಾದ ಹುಡುಗಿಯ ಫೋಟೊ, ಕೆಳಗೆ ಬರಹ: 'ವ್ಯಾನಿನವನನ್ನು ಮಹಡಿ ಕೋಣೆಯಲ್ಲಿ ಕೂರಿಸಿ, ಹಿಂಬಾಗಿಲಿನಿಂದ ಬಿಟ್ಟಿದ್ದಾರೆ. ಪೊಲೀಸರಿಗೆ ತಲುಪಬೇಕಾದದ್ದು ತಲುಪಿದೆ.' ಅದರಡಿ ನೂರಾರು ಕಾಮೆಂಟು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಒಬ್ಬರು. ಒಂದು ರಾತ್ರಿ ತಲೆಕೆಳಗಾಗಿ ನೇತುಹಾಕಿದರೆ ಎಲ್ಲ ಕಕ್ಕುತ್ತಾನೆ ಎಂದು ಇನ್ನೊಬ್ಬರು.

"ಇವರೆಲ್ಲ ಇಲಾಖೆಗೆ ಸೇರಿದ್ರೆ ನಮಗೆ ರಜೆನಾದ್ರೂ ಸಿಗ್ತಿತ್ತು," ಎಂದ ಕಾನ್‌ಸ್ಟೆಬಲ್.

ಎಫ್‌ಐಆರ್ ದಾಖಲಾಯಿತು. ಸುಟ್ಟ ವ್ಯಾನಿನ ಬಳಿ ಪಂಚನಾಮೆ ನಡೆಯಿತು. ಅಕ್ಕಪಕ್ಕದವರು ಮಾಡಿದ್ದ ವಿಡಿಯೊ ನೋಡಿ ಸಂಜೆಯೊಳಗೆ ನಾಲ್ವರನ್ನು ಹಿಡಿದರು. ಪೋಸ್ಟ್ ಹಾಕಿದ್ದು ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಪೊಲೀಸರ ಹಣೆಬರಹ ಗೊತ್ತಿರುವುದೇ ಅಲ್ಲವೇ, ಅದಕ್ಕೇ ನಂಬಿದೆವು ಎಂದರು.

ಇನ್‌ಸ್ಪೆಕ್ಟರನ್ನು ಕಾಡಿದ್ದು ಬೇರೆ. ಮಹಡಿ ಕೋಣೆ, ಹಿಂಬಾಗಿಲು ಎರಡೂ ನಿಜ. ವಿಚಾರಣೆ ಮುಗಿದಾಗ ಠಾಣೆಯ ಮುಂದೆ ಜನ ಸೇರಿದ್ದರಿಂದ ಚಾಲಕನನ್ನು ಹಿಂದಿನಿಂದ ಕಳಿಸಿದ್ದರು. ಚಾಲಕನನ್ನು ಬಿಟ್ಟರೆ ಅದು ಗೊತ್ತಿದ್ದದ್ದು ಠಾಣೆಯವರಿಗೆ ಮಾತ್ರ. ಇನ್‌ಸ್ಪೆಕ್ಟರ್ ಸಿಬ್ಬಂದಿಯಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಹೊರಗೆ ಹೇಳಿದ್ದು ತಾವೇ ಎಂದು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಪ್ಪಿಕೊಂಡರು.

"ಯಾರಿಗೆ ಹೇಳಿದ್ರಿ?"

"ಹುಡುಗಿ ತಾಯಿಗೆ ಸಾರ್. ಗೇಟ್ ಹತ್ರ ಕೂತು ಅಳ್ತಿದ್ಳು. ಅಷ್ಟು ಹೇಳೋದ್ರೊಳಗೆ ನೀವು ಕರೆದ್ರಿ. ಯಾಕೆ ಬಿಟ್ವಿ ಅನ್ನೋದು ಹೇಳೋಕಾಗಲಿಲ್ಲ."

ಪೋಸ್ಟಿನ ಹಿಂದಿದ್ದ ಫೋನ್ ನಂಬರ್ ಗುರುವಾರ ಸೈಬರ್ ವಿಭಾಗದಿಂದ ಬಂತು. ಅದು ಹುಡುಗಿಯ ತಾಯಿಯ ತಮ್ಮನದು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಪೊಲೀಸರು ಹೋದಾಗ ಆತ ಮುದುಕಿಯೊಬ್ಬಳ ಕನ್ನಡಕಕ್ಕೆ ಸಣ್ಣ ತಿರುಪು ಕೂರಿಸುತ್ತಿದ್ದ. ಕೆಲಸ ಮುಗಿಸಿ, ಗಾಜು ಒರೆಸಿ ಅವಳ ಕೈಗೆ ಕೊಟ್ಟು, ತಾನಾಗಿಯೇ ಎದ್ದು ಬಂದ.

"ನೀನೇ ಬರೆದದ್ದಾ?"

"ಹೌದು."

"ದುಡ್ಡು ತಿಂದ್ವಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಬಿಟ್ರಿ ಅಂದ್ಮೇಲೆ ತಿಂದಿರ್ತೀರಿ ಅಂದ್ಕೊಂಡೆ."

ಮೆಲ್ಲಗೆ ಉಳಿದದ್ದೂ ಬಂತು. ಹುಡುಗಿ ಕಾಣೆಯಾದ ದಿನ ವ್ಯಾನ್ ಕೆಟ್ಟಿದೆ ಎಂದು ಚಾಲಕ ಫೋನ್ ಮಾಡಿದ್ದ. ಮಗಳನ್ನು ಶಾಲೆಯಿಂದ ಕರೆತರಲು ಅಕ್ಕ ಇವನಿಗೆ ಹೇಳಿದ್ದಳು. ಅಂಗಡಿಯಲ್ಲಿ ಗಿರಾಕಿ ಇದ್ದರೆಂದು ಇವನು ಹೊರಟದ್ದು ತಡವಾಯಿತು. ಹೋದಾಗ ಗೇಟಿನ ಬಳಿ ಯಾರೂ ಇರಲಿಲ್ಲ.

"ಅಕ್ಕ ಒಂದು ಮಾತೂ ಅನ್ನಲಿಲ್ಲ ಸಾರ್. ಬೈದಿದ್ರೆ ತಡ್ಕೋತಿದ್ದೆ. ವ್ಯಾನ್ ಕೆಟ್ಟಿದ್ದೇ ಸುಳ್ಳು ಅಂತ ನಂಬೋಕೆ ನೋಡಿದೆ. ಪೋಸ್ಟ್ ಹಾಕಿದ್ಮೇಲೆ ಒಂದೊಂದು ಕಾಮೆಂಟ್ ಬಂದ ಹಾಗೆಲ್ಲ, ತಪ್ಪು ಅವನದೇ ಅನ್ನಿಸ್ತು. ಅವತ್ತು ನಿದ್ದೆ ಬಂತು."

ಬಂಧನದ ಕಾಗದಕ್ಕೆ ಆತ ಸಹಿ ಹಾಕಿದ. ಆಮೇಲೆ ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಅವನೆದುರು ಕೂತರು. ವ್ಯಾನ್ ಅಂದು ಗ್ಯಾರೇಜಿನಲ್ಲೇ ಇದ್ದದ್ದನ್ನು ಕ್ಯಾಮೆರಾದಲ್ಲಿ ನೋಡಿದ್ದು, ಯಾವ ಯಾವ ನಿಲ್ದಾಣ, ಆಸ್ಪತ್ರೆ, ಕೆರೆಗಳಲ್ಲಿ ಹುಡುಕಿದ್ದು, ಇನ್ನೂ ಎಲ್ಲೆಲ್ಲಿ ಹುಡುಕುತ್ತಿರುವುದು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಹುಡುಗಿಯ ಮನೆಯವರಿಗೆ ಪೊಲೀಸರು ಇದನ್ನೆಲ್ಲ ಹೇಳಿದ್ದು ಅದೇ ಮೊದಲು.