ಹುಲಿಕುಣಿಯ ಮಗ್ಗ

ಎಷ್ಟೋ ತಲೆಮಾರಿನಾಚೆ, ಬಣ್ಣದ ಕೆರೆಗಳಿದ್ದ ರಾಜ್ಯವೊಂದಿತ್ತು. ನೂಲಿನ ಲಡಿಯನ್ನು ಒಂದು ಕೆರೆಯಲ್ಲಿ ಅದ್ದಿದರೆ ನೀಲಿ, ಇನ್ನೊಂದರಲ್ಲಿ ಅದ್ದಿದರೆ ಹಸಿರು. ಆ ರಾಜ್ಯದಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಅಕ್ಕ ಕೆಂಚವ್ವ ನೀಲಿಕೆರೆಯಲ್ಲಿ ನೂಲು ಅದ್ದುತ್ತಿದ್ದಳು, ತಂಗಿ ಬನವ್ವ ನೇಯುತ್ತಿದ್ದಳು. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವಲ್ಲಿ ಬನವ್ವ ಗಂಟು ಹಾಕುತ್ತಿರಲಿಲ್ಲ. ಎರಡು ನೂಲಿನ ತುದಿಗಳನ್ನು ಒಂದಕ್ಕೊಂದು ಕೊಕ್ಕೆಯಂತೆ ಕೋದು ನೇಯುತ್ತಿದ್ದಳು. ಬೆರಳಾಡಿಸಿದರೂ ಸೇರುವೆ ಸಿಗುತ್ತಿರಲಿಲ್ಲ. ಅದು ಅವಳ ಹೆಮ್ಮೆ.

ಮುದಿ ಅರಸ ತೀರಿಕೊಂಡ ವರ್ಷ ಬೂದಿರಾಣಿ ಬಂದು ಕೋಟೆ ಹಿಡಿದಳು. ಅವಳ ಮುಖಕ್ಕೆ ಬಣ್ಣವಿರಲಿಲ್ಲ, ಕಣ್ಣಿಗೂ ಇರಲಿಲ್ಲ. ನಡೆದಲ್ಲೆಲ್ಲ ಬೂದಿಯ ಹೆಜ್ಜೆ ಬೀಳುತ್ತಿತ್ತು. ಅವಳು ಬನವ್ವನನ್ನು ಕೋಟೆಯ ಗೋಪುರಕ್ಕೆ ಕರೆಸಿದಳು.

"ನನಗೊಂದು ಶಾಲು ಬೇಕು. ನೂಲು ನಾನು ಕೊಡುತ್ತೇನೆ. ಮೂರು ಬಣ್ಣ. ಸೇರುವೆ ಕಾಣಬಾರದು" ಎಂದಳು.

"ನನ್ನ ಕೈಯಲ್ಲಿ ಕಾಣುವುದಿಲ್ಲ, ತಾಯಿ" ಎಂದಳು ಬನವ್ವ.

ಗೋಪುರದ ಮಗ್ಗ ಕುಣಿಮಗ್ಗ. ನೆಲದಲ್ಲಿ ಆಳವಾದ ಕುಣಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ನೇಯಬೇಕು. ಮೊದಲ ದಿನ ರಾಣಿ ಕಿತ್ತಳೆ ನೂಲು ಕೊಟ್ಟಳು. ಮುಟ್ಟಿದರೆ ಬೆಚ್ಚಗಿತ್ತು. ಬನವ್ವ ಒಂದು ಗೇಣು ಕಿತ್ತಳೆ ನೇಯ್ದಳು. ಅಂದಿನಿಂದ ಕುಣಿಯೊಳಗೆ ಏನೋ ಉಸಿರಾಡತೊಡಗಿತು. ಅವಳು ಬಗ್ಗಿ ನೋಡಿದರೆ ಕತ್ತಲು. ಕಾಲಿಗೆ ಮಾತ್ರ ಬಿಸಿಯುಸಿರು ತಾಗುತ್ತಿತ್ತು.

ಆಮೇಲೆ ಹಳದಿ ನೂಲು ಬಂತು. ಕಿತ್ತಳೆಗೆ ಹಳದಿಯನ್ನು ಕೋದು ಸೇರಿಸುವಾಗ ಕಾಲಿಗೆ ಬಿಸಿಯುಸಿರು ತಾಗಿ ಅವಳ ಕೈ ತಪ್ಪಿತು. ನೂಲು ತಿರುವಿ ಬಿದ್ದು ಸಿಕ್ಕಾಯಿತು. ಬಿಚ್ಚಬೇಕಿತ್ತು. ಆದರೆ ರಾಣಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬನವ್ವ ಹಣಿಗೆಯಿಂದ ಜೋರಾಗಿ ಬಡಿದು ಸಿಕ್ಕನ್ನು ಒಳಗೆ ಅದುಮಿ ಮುಂದೆ ನೇಯ್ದಳು. ಮೇಲಿಂದ ಏನೂ ಕಾಣಲಿಲ್ಲ.

ಕಡೆಗೆ ನೀಲಿ ನೂಲು ಬಂತು. ಮೂರನೆಯ ಗೇಣೂ ಮುಗಿದ ಮಧ್ಯಾಹ್ನ ರಾಣಿ ಹೇಳಿದಳು: "ನಾನು ಸುಡುಗಾಡಿಗೆ ಹೋಗಿ ಬೂದಿ ಮಿಂದು ಬರುತ್ತೇನೆ. ಬಿಸಿಲು ಪಡುವಣ ಕಿಟಕಿಗೆ ಬರುವ ಹೊತ್ತಿಗೆ ಬಂದು ಶಾಲನ್ನು ಕತ್ತರಿಸಿ ಹೊದೆಯುತ್ತೇನೆ. ಅಲ್ಲಿಯವರೆಗೆ ಎದ್ದೀಯೆ ಜೋಕೆ."

ರಾಣಿ ಹೋದಳು. ಬನವ್ವ ಕೂತಲ್ಲಿಂದಲೇ ಕತ್ತು ಚಾಚಿ ಕಿಟಕಿಯಾಚೆ ನೋಡಿದಳು. ನೀಲಿಕೆರೆ ಬೂದುಬಣ್ಣಕ್ಕೆ ತಿರುಗಿತ್ತು. ಮೆಟ್ಟಿಲ ಮೇಲೆ ಜನ ಕಲ್ಲಾಗಿ ನಿಂತಿದ್ದರು. ಅವರ ನಡುವೆ ಲಡಿ ಹಿಡಿದು ಬಗ್ಗಿದ್ದ ಹೆಂಗಸೊಬ್ಬಳು. ಆ ಬಗ್ಗುವ ರೀತಿ ಬನವ್ವನಿಗೆ ಹುಟ್ಟಿದಾಗಿನಿಂದ ಗೊತ್ತು.

"ಅಕ್ಕಾ" ಎಂದಳು.

ಕುಣಿಯಿಂದ ಮಾತು ಕೇಳಿಸಿತು. "ನೀನು ನೇಯ್ದದ್ದು ಅವರ ಬಣ್ಣ. ರಾಣಿ ಕತ್ತರಿಸಿ ಹೊದ್ದಳೆಂದರೆ ಅವಳಿಗೆ ಸಾವಿಲ್ಲ, ಅವರೆಲ್ಲ ಬೂದಿ."

ಕತ್ತಲಿಂದ ಒಂದು ತಲೆ ಮೇಲೆ ಬಂತು. ಹುಲಿಯ ತಲೆ. ಪಟ್ಟೆಯಿಲ್ಲ, ಬಣ್ಣವಿಲ್ಲ, ಒಲೆಯ ಬೂದಿಯ ಹಾಗೆ. "ನೀನು ಎದ್ದರೆ, ಇಲ್ಲವೇ ಒಂದು ಎಳೆ ಹರಿದರೆ, ತಿನ್ನಬೇಕೆಂದು ನನಗೆ ಅಪ್ಪಣೆಯಾಗಿದೆ. ಬಣ್ಣ ಹೋದಂದಿನಿಂದ ನನ್ನಲ್ಲಿ ಉಳಿದಿರುವುದು ಹಸಿವೊಂದೇ."

"ಬಿಚ್ಚಿದರೆ?"

ಹುಲಿ ತಲೆ ಓರೆ ಮಾಡಿತು. "ಬಿಚ್ಚುವುದರ ಬಗ್ಗೆ ಅವಳು ಏನೂ ಹೇಳಿಲ್ಲ."

ಬನವ್ವ ನೀಲಿಯ ತುದಿ ಹುಡುಕಿ ಆತುರದಲ್ಲಿ ಎಳೆದಳು. ನೂಲು ಸವೆದು ಅದರ ನಾರು ಎದ್ದಿತು. ಕೆರೆಯ ಮೆಟ್ಟಿಲ ಮೇಲೆ ಅಕ್ಕನ ಕಿರುಬೆರಳು ಪುಡಿಯಾಗಿ ಉದುರಿತು. ಹುಲಿ ಮೂಗು ಎತ್ತಿ ಮೂಸಿತು.

ಬನವ್ವ ಎಳೆಯುವುದನ್ನು ನಿಲ್ಲಿಸಿದಳು. ಎದ್ದ ನಾರನ್ನು ಬೆರಳಿನಿಂದ ಹೊಸೆದು ಕೂರಿಸಿದಳು. ಆಮೇಲೆ ನೇಯ್ದ ದಾರಿಯಲ್ಲೇ ಹಿಂದಕ್ಕೆ ಹೊರಟಳು. ಎಡದಿಂದ ಹೋದ ನೂಲು ಎಡಕ್ಕೇ ಬರಬೇಕು. ಕುಣಿಯೊಳಗಿನ ಹಲಗೆಯನ್ನು ಕಾಲಿನಿಂದ ಒತ್ತಿ ಉದ್ದಕ್ಕೆ ಹಾಸಿದ ನೂಲುಗಳನ್ನು ಅಗಲಿಸಬೇಕು, ಲಾಳಿಯನ್ನು ಹಿಂದಕ್ಕೆ ತರಬೇಕು, ನೂಲನ್ನು ಅದರೊಳಗಿನ ಕಂಡಿಕೆಗೆ ಸುತ್ತಬೇಕು. ಒಂದೊಂದು ಎಳೆ ಬಿಚ್ಚಿದಂತೆ ಅದರ ನೀಲಿ ಹೊಗೆಯಾಗಿ ಕಿಟಕಿಯಿಂದ ಹಾರಿ ಹೋಗುತ್ತಿತ್ತು, ಕೈಯಲ್ಲಿ ಬರೀ ಬಿಳಿ ನೂಲು ಉಳಿಯುತ್ತಿತ್ತು. ಹುಲಿಯ ನಾಲಿಗೆ ಅವಳ ಹಿಮ್ಮಡಿಯನ್ನು ಒಮ್ಮೆ ನೆಕ್ಕಿತು. ಅವಳು ಎಳೆ ಬಿಡಲಿಲ್ಲ.

ನೀಲಿ ಮುಗಿಯಿತು. ಕೆರೆಯ ಕಡೆ ಗದ್ದಲವೆದ್ದಿತು. ಕೆಂಚವ್ವ ಒಂದಷ್ಟು ಜನರೊಂದಿಗೆ ಓಡಿ ಬಂದು ಗೋಪುರದ ಕೆಳಗೆ ನಿಂತಳು.

"ಬನೀ, ಇಳಿದು ಬಾ. ಕಿಟಕಿಯಿಂದ ಹಾರು. ನಾವು ಸೀರೆ ಹಿಡಿದು ನಿಲ್ಲುತ್ತೇವೆ."

ಹುಲಿ ಪಿಸುಗುಟ್ಟಿತು: "ಹಾರಿ ನೋಡು. ನನಗೆ ಮುಪ್ಪು ಬಂದಿದೆ, ಹಿಡಿಯಲಾಗದೆಯೂ ಹೋಗಬಹುದು."

ಬನವ್ವನಿಗೆ ಹಾರಬೇಕೆನಿಸಿತು. ಅಷ್ಟು ಭಯವಾಗಿತ್ತು ಅವಳಿಗೆ. ಆದರೆ ಕೆರೆಯಾಚೆ ಅರಿಸಿನದ ಹೊಲಗಳು ಬೂದಿಯಾಗಿ ಬಿದ್ದಿದ್ದವು. ಅಲ್ಲೊಬ್ಬಳು ಕಲ್ಲಾದ ಹೆಂಗಸು, ಅವಳ ಬೆನ್ನಿಗೆ ಕಟ್ಟಿದ ಕಲ್ಲಿನ ಕೂಸು.

"ಇನ್ನೂ ಹಳದಿ ಇದೆ, ಅಕ್ಕಾ" ಎಂದು ಕೂಗಿ ಹೇಳಿದಳು.

ಕೆಂಚವ್ವ ಬಯ್ದಳು, ಅತ್ತಳು, ಆಮೇಲೆ ಅಲ್ಲೇ ಕೂತಳು. ಹೋಗಲಿಲ್ಲ.

ಹಳದಿ ಸಲೀಸಾಗಿ ಬಿಚ್ಚಿಕೊಂಡಿತು. ಕೊನೆಯ ಎಳೆಯ ಹತ್ತಿರ ಬಂದಾಗ ನಿಂತಿತು. ಕಿತ್ತಳೆಗೂ ಹಳದಿಗೂ ನಡುವೆ, ತಾನು ಅದುಮಿಟ್ಟಿದ್ದ ಸಿಕ್ಕು. ಇದು ರಾಣಿಯ ಮಾಯೆಯಲ್ಲ, ಅವಳದೇ ಕೈಯ ಕೆಲಸ. ಹಣಿಗೆ ಬಡಿದು ಬಡಿದು ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಬಿಸಿಲು ಪಡುವಣ ಕಿಟಕಿಯ ಹತ್ತಿರಕ್ಕೆ ಬಂದಿತ್ತು.

ಹುಲಿ ಬಾಯ್ತೆರೆದು ಅವಳ ಕಣಕಾಲನ್ನು ಹಲ್ಲಿನ ನಡುವೆ ಹಿಡಿಯಿತು. ಕಚ್ಚಲಿಲ್ಲ. ಹಿಡಿದುಕೊಂಡು ಕಾದಿತು.

"ಅಕ್ಕಾ" ಎಂದಳು ಬನವ್ವ. ಹೇಳಲು ನಾಚಿಕೆಯಾಗುತ್ತಿತ್ತು. "ಸೇರುವೆಯಲ್ಲಿ ತಪ್ಪು ಮಾಡಿದ್ದೆ. ಗೊತ್ತಿದ್ದೂ ಬಿಚ್ಚಲಿಲ್ಲ. ಮುಚ್ಚಿಬಿಟ್ಟೆ. ಈಗ ಬರುತ್ತಿಲ್ಲ."

ಕೆಳಗಿನಿಂದ ಕೆಂಚವ್ವನ ದನಿ ಮನೆಯಲ್ಲಿ ಮಾತಾಡಿದ ಹಾಗೆ ಬಂತು. "ಎಳೀಬೇಡ. ಮೊದಲು ಒದ್ದೆ ಮಾಡು. ಉಗುರು ಹಾಕಬೇಡ, ಸೂಜಿಯ ಮೊಂಡು ತುದಿಯಿಂದ ನಡುವೆ ಮೀಟು. ಸಡಿಲಾಗುವವರೆಗೆ ಯಾವ ತುದಿಯನ್ನೂ ಮುಟ್ಟಬೇಡ."

ಬನವ್ವನ ಬಾಯಿ ಒಣಗಿತ್ತು, ಉಗುಳಿರಲಿಲ್ಲ. ಹಣೆಯ ಬೆವರು ಒರೆಸಿ ಅದನ್ನೇ ಸಿಕ್ಕಿಗೆ ಹಚ್ಚಿದಳು. ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದು ಮೀಟಿದಳು. ಅಲ್ಲಾಡಲಿಲ್ಲ. ಮತ್ತೆ ಮೀಟಿದಳು. ಕಣಕಾಲಿನ ಮೇಲೆ ಹಲ್ಲು ಕೊಂಚ ಬಿಗಿಯಾಯಿತು. ಮೂರನೆಯ ಸಲ ನಡುವೆ ಕೂದಲೆಳೆಯಷ್ಟು ಜಾಗ ಕಂಡಿತು. ಸಿಕ್ಕು ಬಾಯ್ಬಿಟ್ಟಿತು. ಹಳದಿ ಹೊಗೆ ಹಾರಿತು. ದೂರದ ಹೊಲದಲ್ಲಿ ಕೂಸೊಂದು ಅಳಲು ಶುರುಮಾಡಿತು.

ಹುಲಿ ಬಾಯಿ ಸಡಿಲಿಸಿತು. "ಈ ಕಿತ್ತಳೆ ಯಾರದೆಂದು ಗೊತ್ತೇ?"

"ನಿನ್ನದು."

"ಈಗ ನನ್ನನ್ನು ಅಪ್ಪಣೆ ಕಟ್ಟಿಹಾಕಿದೆ. ಬಿಚ್ಚಿದರೆ ಯಾವ ಕಟ್ಟೂ ಇಲ್ಲ. ನಾನು ಆಗ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ, ತಾಯಿ."

ಬನವ್ವ ಉಳಿದ ಕಿತ್ತಳೆಯನ್ನು ನೋಡಿದಳು. ಈ ಒಂದು ಗೇಣು ಉಳಿದರೂ ರಾಣಿ ಅದನ್ನೇ ಹೊದ್ದಾಳು, ನಾಳೆ ಇನ್ನೊಬ್ಬ ನೇಕಾರನನ್ನು ಕರೆಸಿಯಾಳು. ಕಾಲನ್ನು ಮೇಲೆಳೆದುಕೊಳ್ಳಬೇಕೆಂದು ಮೈಯೆಲ್ಲ ಹೇಳುತ್ತಿತ್ತು. ಕಾಲಿಲ್ಲದೆ ಹಲಗೆ ಒತ್ತುವವರು ಯಾರು? ಕಾಲನ್ನು ಕುಣಿಯಲ್ಲೇ ಇಟ್ಟು ಎಳೆಯ ಮೇಲೆ ಎಳೆ ಬಿಚ್ಚಿದಳು. ಕೆಳಗೆ ಉಸಿರು ದೊಡ್ಡದಾಗುತ್ತ ಬಂತು. ಕತ್ತಲಲ್ಲಿ ಒಂದು ಪಟ್ಟೆ ಮೂಡಿತು, ಇನ್ನೊಂದು ಮೂಡಿತು.

ಒಂದೇ ಎಳೆ ಉಳಿದಾಗ ಬಿಸಿಲು ಕಿಟಕಿಯೊಳಗೆ ಬಂತು. ಬಾಗಿಲು ತೆರೆಯಿತು. ಬೂದಿರಾಣಿ ಕತ್ತರಿ ಹಿಡಿದು ನಿಂತಿದ್ದಳು. ಬರಿದಾದ ಮಗ್ಗ ನೋಡಿ ಅವಳು ಕೂಗಾಡಲಿಲ್ಲ.

"ಕೈ ತೆಗೆ" ಎಂದಳು ಮೆಲ್ಲಗೆ. "ಆ ಎಳೆ ಬಂದರೆ ನಿನ್ನ ಕಾಲ ಕೆಳಗಿರುವುದು ನಿಜವಾದ ಹುಲಿ. ಮೊದಲು ನಿನ್ನನ್ನೇ ತಿನ್ನುತ್ತದೆ. ಕೈ ತೆಗೆದರೆ ಬದುಕುತ್ತೀ."

"ಇರಬಹುದು, ತಾಯಿ" ಎಂದಳು ಬನವ್ವ. ಲಾಳಿಯನ್ನು ಕೊನೆಯ ಸಲ ಹಿಂದಕ್ಕೆ ತಂದಳು.

ಕುಣಿಯಿಂದ ಗರ್ಜನೆ ಎದ್ದಿತು. ಬನವ್ವ ಕಣ್ಣು ಮುಚ್ಚಿದಳು. ಭಾರವಾದ ಬಿಸಿ ಮೈಯೊಂದು ಅವಳ ಭುಜ ಸವರಿಕೊಂಡು ಹಾರಿ, ಕತ್ತರಿ ಎತ್ತಿದ್ದ ರಾಣಿಯ ಮೇಲೆ ಬಿದ್ದಿತು. ಚೀರಾಟ ಕೇಳಲಿಲ್ಲ. ಕಣ್ಣು ತೆರೆದಾಗ ನೆಲದ ಮೇಲೆ ಬರಿದಾದ ಸೀರೆ, ಒಂದು ಬುಟ್ಟಿಯಷ್ಟು ಬೂದಿ. ಹುಲಿ ಮೂಗಿಗೆ ಬೂದಿ ಹತ್ತಿ ಎರಡು ಸಲ ಸೀನಿತು.

ಆಮೇಲೆ ತಿರುಗಿ ಬನವ್ವನನ್ನು ನೋಡಿತು. ಅದರ ಕಣ್ಣಲ್ಲಿ ಅವಳ ಗುರುತಿರಲಿಲ್ಲ. ಅದಕ್ಕೆ ಮಾತೂ ಉಳಿದಿರಲಿಲ್ಲ. ಅವಳು ಉಸಿರಾಡಲಿಲ್ಲ. ಹುಲಿ ಬಾಲ ಒದರಿ ಮೆಟ್ಟಿಲಿಳಿದು, ಎರಡು ಬದಿಗೆ ಸರಿದ ಜನರ ನಡುವೆ ನಡೆದು ಕಾಡು ಸೇರಿತು.

ಕೆಂಚವ್ವ ಮೇಲೆ ಬಂದಾಗ ಬನವ್ವನಿಗೆ ಎದ್ದೇಳಲಾಗಲಿಲ್ಲ. ಅಕ್ಕ ಅವಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕಿದಳು. ತಿಕ್ಕುವ ಕೈಯಲ್ಲಿ ನಾಲ್ಕೇ ಬೆರಳಿದ್ದವು.

"ನನ್ನಿಂದ ಹೋಯಿತು ಅದು" ಎಂದಳು ಬನವ್ವ.

"ನೂಲು ಅದ್ದಲು ಇಷ್ಟು ಸಾಕು" ಎಂದಳು ಕೆಂಚವ್ವ. "ಕಾಲು ಮಡಚು ನೋಡೋಣ."

ಕೆರೆಗಳಿಗೆ ಬಣ್ಣ ಮರಳಿತು, ಹೊಲಗಳಿಗೂ ಮರಳಿತು. ಜನ ಬೂದಿಯನ್ನು ಗಾಳಿಗೆ ತೂರಿ, ಕೋಟೆಯ ಕುಣಿ ಮುಚ್ಚಿದರು. ತಮ್ಮೊಳಗಿನ ಒಬ್ಬ ಒಳ್ಳೆಯವನನ್ನು ಅರಸನನ್ನಾಗಿ ಆರಿಸಿ, ಉಂಡುಟ್ಟು ಬಹುಕಾಲ ನೆಮ್ಮದಿಯಾಗಿದ್ದರು. ಆಗಾಗ ಕಾಡಿನಲ್ಲಿ ಹುಲಿ ಗರ್ಜಿಸುತ್ತಿತ್ತು. ಆಗ ಎಲ್ಲರೂ ದನ ಒಳಗೆ ಕಟ್ಟಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬನವ್ವನೂ ಹಾಕಿಕೊಳ್ಳುತ್ತಿದ್ದಳು.