ನಿಂತಿದ್ದ ಒಲೆ

ಬೆನ್ನಿಗೆ ಚೀಲ ಹಾಕಿಕೊಂಡು ಕಾಡು ಸುತ್ತುವ ಹುಚ್ಚು ನನಗೆ ಬಿಟ್ಟದ್ದು ೧೯೭೯ರಲ್ಲಿ, ಅಂಚೆಟ್ಟಿಯ ಕಾಡಿನಲ್ಲಿ. ಜೊತೆಗಿದ್ದವನು ಗೆಳೆಯ ಬದರೀನಾಥ ಒಬ್ಬನೇ.

ಬಸ್ಸಿಳಿದಾಗ ನೀರು ಕೊಟ್ಟ ರಾಮಕ್ಕ ಎಂಬ ಮುದುಕಿ ನಮ್ಮ ಪಾತ್ರೆ ನೋಡಿ ಹೇಳಿದಳು: “ಅಡ್ಗೆ ಆದ್ಮೇಲೆ ಒಲೆ ಕಲ್ಲು ಉರುಳಿಸ್ಬುಟ್ಟು ಹೋಗ್ರಪ್ಪಾ. ನಿಂತಿರೋ ಒಲೆ ಕಂಡ್ರೆ ಊಟಕ್ಕೆ ಕಾಯ್ಕೊಂಡು ಕೂತ್ಕೋತವೆ.” ಯಾವುವು ಎಂದು ಕೇಳಿದರೆ ಒಳಗೆ ಹೋಗಿಬಿಟ್ಟಳು.

ಮಧ್ಯಾಹ್ನ ಹಳ್ಳದ ಪಕ್ಕ ಮೂರು ಕಲ್ಲು ಹೂಡಿ ಅನ್ನ ಬೇಯಿಸಿದೆವು. ತಳ ಸೀದಿತ್ತು. ಹೊರಡುವಾಗ ನಾನು ಕಲ್ಲು ಒದೆಯಲು ಹೋದರೆ ಬದರಿ ತಡೆದ. “ಬಿಡೋ, ಮುಂದೆ ಬರೋರಿಗೆ ಆಗುತ್ತೆ.”

ಸಂಜೆಯವರೆಗೂ ನಡೆದ ಮೇಲೆ ಡೇರೆ ಹಾಕಲು ಒಂದು ಬಯಲು ಸಿಕ್ಕಿತು. ಅಲ್ಲಿ ಆಗಲೇ ಒಲೆಯಿತ್ತು. ಒಂದು ಕಲ್ಲಿನ ಮೇಲೆ ಬಿಳಿ ಗೆರೆ; ಮಧ್ಯಾಹ್ನದ ಒಲೆಗೆಂದು ಹಳ್ಳದಿಂದ ನಾನೇ ಎತ್ತಿ ಇಟ್ಟಿದ್ದ ಕಲ್ಲು. ಬೆಂಕಿಯಿಲ್ಲ, ಬೂದಿಯಿಲ್ಲ, ಆದರೂ ಮುಟ್ಟಿದರೆ ಸುಡುತ್ತಿತ್ತು. ಸೀದ ಅನ್ನದ ವಾಸನೆ ಬರುತ್ತಿತ್ತು. ಒಲೆಯ ಮುಂದೆ ಮೂರು ಮುತ್ತುಗದ ಎಲೆ ಹಾಸಿತ್ತು. ಎರಡು ನಾವು ಉಂಡು ಬಿಸಾಡಿದ್ದವು. ಮೂರನೆಯದಕ್ಕೆ ಬಡಿಸುವ ಮುಂಚೆ ಚಿಮುಕಿಸುವಂತೆ ನೀರು ಚಿಮುಕಿಸಿತ್ತು. ನೀರು ಇನ್ನೂ ಆರಿರಲಿಲ್ಲ.

ಬದರಿ ಓಡಿದ. ಹಿಂದೆಯೇ ನಾನೂ.

ಮಾರನೆಯ ದಿನ ಹೊಸೂರಿನ ಮನೆಯಲ್ಲಿ ಚೀಲ ಇಳಿಸುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಕೇಳಿದಳು: “ನಿನ್ ಜೊತೆ ಬಂದಿರೋರು ಯಾರೋ? ಹಿತ್ತಲಲ್ಲೇ ಕೂತಿದ್ದಾರೆ. ಊಟ ಆಯ್ತಾ ಅಂದ್ರೆ, ಇನ್ನೂ ಬಡಿಸಿಲ್ಲ ಅಂತಾರೆ.”

ಹಿತ್ತಲಲ್ಲಿ ಯಾರೂ ಇರಲಿಲ್ಲ. ಬಟ್ಟೆ ಒಗೆಯುವ ಜಾಗದಲ್ಲಿ ಬಿಳಿ ಗೆರೆಯ ಕಲ್ಲಿತ್ತು. ಮುಟ್ಟಿದೆ. ಸುಟ್ಟಿತು.